ಬ್ಯಾಗಿನಲ್ಲಿ ಹೋದ ಕುಲಾವಿ

21-11-2024, ಗುರುವಾರ. ಉಬ್ರಾಣಿ.

ನನ್ನ ಗಂಡ ಇವತ್ತು ಒಬ್ಬರೇ ವಾಪಸ್ ಹೋದರು. ಆದರೆ ನನ್ನ ಬ್ಯಾಗು ಎತ್ತಿಕೊಂಡು ಹೋದರು. ಅದೇ ಕೊರೆಯುತ್ತಿದೆ.

ನನ್ನನ್ನು ಕರೆದೊಯ್ಯಲು ಜಗಳೂರಿನಿಂದ ಬಂದಿದ್ದರು. ಕೂಸು ಹೋಗಿ ಎರಡು ತಿಂಗಳಾಯಿತು, ಇನ್ನು ತವರಲ್ಲಿ ಯಾಕೆ ಅಂತ ಅಪ್ಪನೂ ಅಂದ. ಹೊಟ್ಟೆಯಲ್ಲಿದ್ದಾಗಲೇ ಕೂಸಿಗೆ ನನ್ನಿಂದ ಸಿಫಿಲಿಸ್ ತಗುಲಿತ್ತು, ಅದರಿಂದಲೇ ತೀರಿಕೊಂಡಿತು. ನನಗೆ ಮೂರು ಸೂಜಿ ಹಾಕಿ ಮುಗಿಸಿದ್ದಾರೆ. ನನ್ನ ಗಂಡ ಒಂದೂ ಹಾಕಿಸಿಕೊಂಡಿಲ್ಲ. ನರ್ಸ್ ಕಸ್ತೂರಕ್ಕ ಹೋದ ವಾರ ಹೇಳಿದ್ದರು: "ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಾ ಕಡೆ ಆಸ್ಪತ್ರೆಯೋರು ಇಂಥ ಕೂಸುಗಳನ್ನ ಎಣಿಸ್ತಾ ಅದಾರೆ ಕಣವ್ವ. ಅಪ್ಪಂದಿರನ್ನ ಸೂಜಿಗೆ ಕರಕೊಂಡು ಬರಾಕೆ ಮಾತ್ರ ಯಾರ ಕೈಲೂ ಆಗ್ತಿಲ್ಲ. ಗಂಡ ಹಾಕಿಸ್ಕೊಳ್ದೆ ಜೊತೆಗಿದ್ರೆ ನಿಂಗೆ ಮತ್ತೆ ಬರ್ತೈತೆ. ಮುಂದಿನ ಕೂಸಿಗೂ."

ಅಪ್ಪನ ಎದುರು ಗಂಡನ ಜೊತೆ ನಾನು ಎಂದೂ ಮಾತಾಡಿದವಳಲ್ಲ. ಬಸ್ಸಿಗೆ ಹೊತ್ತಾದಾಗ ಬಾಗಿಲಲ್ಲಿ ನಿಂತು, "ನೀವು ಮೊದ್ಲು ಸೂಜಿ ಹಾಕಿಸ್ಕೊಳ್ರಿ, ಆಮೇಲೆ ಬರ್ತೀನಿ" ಅಂದೆ.

"ನಂಗೇನಾಗೈತೆ? ಎತ್ತಿನಂಗೆ ಇದೀನಿ!" ಅಂತ ನಕ್ಕರು. ಅಪ್ಪ ನೆಲ ನೋಡುತ್ತಿದ್ದ. ಅವ್ವ ಒಳಗೆ ಹೋದಳು. "ಇವತ್ತಲ್ಲ ನಾಳೆ ಬರ್ತೀಯ ಬಿಡು" ಎಂದು ತುಂಬಿಟ್ಟಿದ್ದ ನನ್ನ ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟರು.

ಅದರಲ್ಲಿ ಸೀರೆಗಳ ಅಡಿಯಲ್ಲಿ ಕೂಸಿನ ಕುಲಾವಿ ಇಟ್ಟಿದ್ದೆ. ತೊಳೆದಿರಲಿಲ್ಲ, ಕೂಸಿನ ತಲೆಯ ವಾಸನೆ ಇನ್ನೂ ಇತ್ತು. ಅವರು ಕೂಸನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಇಷ್ಟು ಹೊತ್ತಿಗೆ ಮನೆಯಲ್ಲಿ ಬ್ಯಾಗು ಬಿಚ್ಚಿರುತ್ತಾರೆ. ಕುಲಾವಿ ಕೈಗೆ ಸಿಕ್ಕಾಗ ಏನಾದರೂ ಅನ್ನಿಸಬಹುದೇ? ಅನ್ನಿಸದಿದ್ದರೂ, ಅದನ್ನು ಒಗೆಯಲು ಹಾಕದಿದ್ದರೆ ಸಾಕು…