ಮೂರನೆಯ ಸಭೆ

ಅತ್‌ಬಾಶಿ, ನವೆಂಬರ್ ೧೬

ಮುದ್ದಿನ ಕುಂದುಜ್,

ಹೇಗಿದ್ದೀ ಮಗಳೇ? ಕೆಮ್ಮು ಬಿಟ್ಟಿತೇ? ರಾಜಧಾನಿ ಬಿಷ್ಕೆಕ್‌ನ ಹೊಗೆ ನಿನಗೆ ಒಗ್ಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ವಕೀಲರು ತಾಯಿಯ ಮಾತು ಎಲ್ಲಿ ಕೇಳುತ್ತಾರೆ! ಬಿಸಿ ಹಾಲಿಗೆ ಕುರಿಬಾಲದ ಕೊಬ್ಬು ಹಾಕಿ ಕುಡಿ, ಮೂಗು ಮುರಿಯಬೇಡ. ಮಂಡಿಯೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ.

ದೇಶದ ಸಹಕಾರ ಸಂಘಗಳಿಗೆಲ್ಲ ನೀನು ಹೊಸ ಕಾನೂನು ಬರೆಯುತ್ತಿದ್ದೀ ಎಂದು ಇಲ್ಲಿ ಎಲ್ಲರಿಗೂ ಹೆಮ್ಮೆ. ಹನ್ನೆರಡು ವರ್ಷ ಊರೂರು ಅಲೆದು, ಸರ್ಕಾರಿ ಕಾನೂನು ನೆರವಿನ ಕಚೇರಿಯಿಂದ ವಿಧವೆಯರ ಜಮೀನು ಬಿಡಿಸಿಕೊಟ್ಟವಳಲ್ಲವೇ ನೀನು. ನಮ್ಮ ಉಣ್ಣೆಹಾಸಿನ ಸಂಘ ಕಟ್ಟಿದ ದಿನ ನೆನಪಿದೆಯೇ? ನಾವು ಉಣ್ಣೆ ಬಡಿಯುತ್ತಿದ್ದೆವು, ನೀನು ನಮ್ಮ ನಡುವೆ ಕುಳಿತು ನೀನೇ ಬರೆದ ನಿಯಮ ಓದಿದೆ. ಸತತ ಮೂರು ಸಭೆಗೆ ಬಾರದವರ ಸದಸ್ಯತ್ವ ಹೋಗುತ್ತದೆ ಎಂಬುದನ್ನಂತೂ ಎರಡು ಸಲ ಓದಿದೆ.

ನೀನೀಗ ಎರಡು ಸಭೆ ತಪ್ಪಿಸಿದ್ದೀ. ಮೂರನೆಯದು ಈ ಶನಿವಾರ. ನಿನ್ನನ್ನು ಹಾಜರೆಂದೇ ಬರೆದುಬಿಡೋಣ ಎಂದು ಹೆಂಗಸರೆಲ್ಲ ಒಂದಾಗಿದ್ದಾರೆ. ನಾನು ಆಗದು ಎಂದೆ. ಪಕ್ಕದ ಮನೆಯ ಸಾಯ್ರಾ ಅಜ್ಜಿ, "ನಿಯಮ ಬರೆದೋಳಿಗೇ ನಿಯಮ ಹಾಕ್ತೀಯೇನೆ, ಕಲ್ಲೆದೆಯೋಳೇ? ಅವಳನ್ನ ಹೆತ್ತಿದ್ಯೋ, ಸಂತೇಲಿ ಕೊಂಡು ತಂದಿದ್ಯೋ?" ಎಂದು ಬೈದಳು. ಆದರೆ ಕಳೆದ ವರ್ಷ ತುರ್ದುಬುಬುವಿನ ಹೆಸರು ಸಂಘದಿಂದ ತೆಗೆದದ್ದೂ ಇದೇ ನಿಯಮದಿಂದ. ಮಗುವಿಗೆ ಜ್ವರ ಎಂದು ಅವಳು ಅತ್ತಳು. ಆಗ ನೀನೇ ಅವಳ ಕೈಹಿಡಿದು, "ಎಲ್ರಿಗೂ ಒಂದೇ, ಅಕ್ಕಾ" ಎಂದಿದ್ದೆ. ದಿನವೂ ಬಾವಿಕಟ್ಟೆಯಲ್ಲಿ ಸಿಗುವ ಅವಳ ಮುಂದೆ ನಿನಗಾಗಿ ಸುಳ್ಳು ಬರೆಯಲು ನನ್ನಿಂದಾಗದು. ಸಂಘದ ಅಧ್ಯಕ್ಷೆಯೆಂದು ನಾನೇ ನಿನ್ನ ಹೆಸರು ಹೊಡೆದುಹಾಕಲೂ ಕೈ ಬಾರದು. ಇದೇ ಯೋಚನೆಯಲ್ಲಿ ಊಟ ಸೇರುತ್ತಿಲ್ಲ.

ಸಂಘದವರೆಲ್ಲ ನಿನ್ನನ್ನು ಕೇಳಿದ್ದಾರೆ. ನಿನ್ನ ದಾರಿ ಬೆಳ್ಳಗಿರಲಿ, ಎಡರಿಲ್ಲದಿರಲಿ ಎಂದು ಎರಡೂ ಅಂಗೈ ಒಡ್ಡಿ ಬೇಡುತ್ತೇನೆ.

ನಿನ್ನ ಅಮ್ಮ,
ಬುರ್ಮಾ

ಮುಖ್ಯವಾದದ್ದೇ ಮರೆತಿದ್ದೆ. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಸಭೆ ಹತ್ತಕ್ಕೆ, ಅಲ್ಲಿಂದ ಶನಿವಾರ ನಸುಕಿಗೆ ಹೊರಡುವ ಬಸ್ಸು ಇಲ್ಲಿ ಮುಟ್ಟುವುದು ಹನ್ನೊಂದೂವರೆಗೆ. ಹಾಜರಿ ಯಾವಾಗ ಕರೆಯಬೇಕೆಂದು ನೀನು ನಿಯಮದಲ್ಲಿ ಬರೆದೇ ಇಲ್ಲ, ಮೂರು ಸಲ ಓದಿ ನೋಡಿದೆ. ಹಾಗಾಗಿ ಮೊದಲು ಊಟ, ಆಮೇಲೆ ಹಾಜರಿ. ಸಾಯ್ರಾ ಅಜ್ಜಿ ನಿಧಾನ ತಿನ್ನಲು ಒಪ್ಪಿದ್ದಾಳೆ, ಹಲ್ಲಿಲ್ಲದವಳಿಗೆ ಅದೇನು ಕಷ್ಟ. ನಿನ್ನ ಹೆಸರು ಕೊನೆಗೆ ಕರೆಯುತ್ತೇನೆ. ಓಗೊಡಲು ಬಾ.