ಲಿಫ್ಟು ತೆರೆದವಳಿಗೆ ಬಂದ ನೋಟಿಸು

ಮಾನ್ಯ ಪರೀಕ್ಷಾ ನಿಯಂತ್ರಕರೇ,

ಲಿಫ್ಟು ರಿಪೇರಿಯವರ ಪರವಾನಗಿಯನ್ನು ಇಂಗ್ಲಿಷ್ ವ್ಯಾಕರಣಕ್ಕೆ ಕಟ್ಟಿಹಾಕಿದ ನಿಮ್ಮ ಕಚೇರಿ, ನನ್ನ ತಂಗಿಯ ಹದಿನೇಳು ವರ್ಷದ ಕೆಲಸವನ್ನು ಒಂದೇ ಒಂದು ಅಂಕಕ್ಕೆ ಕಿತ್ತುಕೊಂಡಿದೆ. ಆ ಅಂಕ ಹೋದದ್ದು ನನ್ನಿಂದ. ಹಾಗಾಗಿ ಈ ಪತ್ರದಲ್ಲಿ ಸಿಟ್ಟು ಎಷ್ಟಿದೆಯೋ ತಪ್ಪೊಪ್ಪಿಗೆಯೂ ಅಷ್ಟೇ ಇದೆ.

ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಪರವಾನಗಿ ನವೀಕರಣಕ್ಕೆ ಲಿಖಿತ ಪರೀಕ್ಷೆ ಕಡ್ಡಾಯ ಎಂಬ ನಿಮ್ಮ ಸುತ್ತೋಲೆ ಬಂದ ಮೇಲೆ ತಂಗಿ ದಿನವೂ ಕೆಲಸ ಮುಗಿಸಿ, ಕೈಯ ಗ್ರೀಸು ತೊಳೆದುಕೊಂಡು, ನನ್ನ ಅಡುಗೆಮನೆಯಲ್ಲಿ ಪಾಠಕ್ಕೆ ಕೂರುತ್ತಿದ್ದಳು. ಸಾಮರ್ಥ್ಯ ಹೇಳುವುದಕ್ಕೆ ‘ಕ್ಯಾನ್’, ಅದೇ ಹಿಂದಿನ ಕಾಲಕ್ಕೆ ಹೋದರೆ ‘ಕುಡ್’ ಎಂದು ಹೇಳಿಕೊಟ್ಟೆ. ಅವಳಿಗೆ ಸಮಾಧಾನವಾಗಲಿಲ್ಲ.

“ಅಕ್ಕಾ, ನಂಗೆ ಈಜು ಬರುತ್ತೆ. ಆದ್ರೆ ಜ್ವರ ಬಂದ ದಿನ ಈಜೋಕೆ ಆಗಲ್ಲ. ಬರೋದು ಬೇರೆ, ಆಗೋದು ಬೇರೆ ಅಲ್ವಾ? ಎರಡಕ್ಕೂ ಒಂದೇ ಪದಾನಾ?”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅಷ್ಟು ಆಳಕ್ಕೆಲ್ಲ ಕೇಳುವುದಿಲ್ಲ ಬಿಡು ಎಂದುಬಿಟ್ಟೆ.

ಪರೀಕ್ಷೆಯಲ್ಲಿ ನೀವು ಅದನ್ನೇ ಕೇಳಿದಿರಿ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು, ಆದರೂ ಮೆಕ್ಯಾನಿಕ್ಕಿಗೆ ಅರ್ಧ ಗಂಟೆಯಲ್ಲಿ ಬಾಗಿಲು ತೆರೆಯಲು ಸಾಧ್ಯವಾಯಿತು ಎಂಬರ್ಥದ ವಾಕ್ಯ, ನಡುವೆ ಬಿಟ್ಟ ಸ್ಥಳ. ಅವಳು ‘ಕುಡ್’ ಎಂದು ತುಂಬಿದಳು. ನಿಮಗೆ ಬೇಕಿದ್ದದ್ದು ‘ವಾಸ್ ಏಬಲ್ ಟು’. ಹಿಂದೆ ಸದಾ ಇದ್ದ ಶಕ್ತಿಗೆ ಮೊದಲನೆಯದು, ಒಂದು ಸಲ ಹೆಣಗಿ ಸಾಧಿಸಿದ್ದಕ್ಕೆ ಎರಡನೆಯದು. ನಿಯಮ ಸರಿಯಾಗಿಯೇ ಇದೆ, ಸ್ವಾಮಿ. ಆದರೆ ಆ ಭೇದ ನನ್ನ ತಂಗಿಗೆ ಗೊತ್ತಿರಲಿಲ್ಲವೇ? ಟೀಚರಾದ ನನಗಿಂತ ಮೊದಲು ಅದನ್ನು ಹಿಡಿದವಳು ಅವಳು. ಗೊತ್ತಿಲ್ಲದಿದ್ದದ್ದು ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರು. ಸಿಕ್ಕಿಬಿದ್ದ ಬ್ರೇಕು ಯಾವ ಹೆಸರು ಹೇಳಿದರೆ ಸಡಿಲವಾಗುತ್ತದೆ ಎಂದು ನೀವೇ ತಿಳಿಸಬೇಕು.

ಪರವಾನಗಿ ಹೋಯಿತು. ಕಂಪನಿಯವರು ಅವಳನ್ನು ಉಗ್ರಾಣದಲ್ಲಿ ಬಿಡಿಭಾಗಗಳಿಗೆ ಚೀಟಿ ಅಂಟಿಸಲು ಕೂರಿಸಿದರು. ಹೋದ ತಿಂಗಳು ಒಂದು ಮಧ್ಯಾಹ್ನ ಕಣ್ಣಾಸ್ಪತ್ರೆಗೆ ಯಾವುದೋ ಸ್ವಿಚ್ಚು ತಲುಪಿಸಲು ಹೋಗಿದ್ದಾಗ ಅಲ್ಲಿನ ಲಿಫ್ಟು ಮಹಡಿಗಳ ನಡುವೆ ನಿಂತಿತು. ಒಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಹೆಂಗಸು, ಜೊತೆಗೆ ಉಬ್ಬಸದ ಗಂಡ. ಪರವಾನಗಿ ಇದ್ದ ಮೆಕ್ಯಾನಿಕ್ಕು ಊರಿನ ಇನ್ನೊಂದು ತುದಿಯಲ್ಲಿದ್ದ. ಬರಲು ಒಂದು ಗಂಟೆಯಾದರೂ ಬೇಕು ಎಂದನಂತೆ. ತನಗೆ ಅಧಿಕಾರವಿಲ್ಲ ಎಂದು ತಂಗಿ ಮೊದಲು ಆಸ್ಪತ್ರೆಯ ಮ್ಯಾನೇಜರಿಗೆ ಹೇಳಿಯೂ ಹೇಳಿದಳು. ಅಷ್ಟರಲ್ಲಿ ಒಳಗಿನಿಂದ ಆ ಹೆಂಗಸಿನ ದನಿ ಬಂತು.

“ಇವರಿಗೆ ಉಸಿರು ಸಿಗ್ತಿಲ್ಲ. ಹೊರಗೆ ಯಾರಾದ್ರೂ ಇದ್ದೀರಾ?”

“ಇದ್ದೀನಮ್ಮ. ಹತ್ತು ನಿಮಿಷ ತಡ್ಕೊಳ್ಳಿ,” ಎಂದಳು ನನ್ನ ತಂಗಿ.

ಮ್ಯಾನೇಜರ ಕೈಯಿಂದ ಕೀಲಿ ಇಸಿದುಕೊಂಡು ಮೇಲಿನ ಯಂತ್ರದ ಕೋಣೆಗೆ ಓಡಿ, ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ಚಕ್ರವನ್ನು ಕೈಯಿಂದಲೇ ಅಂಗುಲ ಅಂಗುಲವಾಗಿ ತಿರುಗಿಸಿ, ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ಬಾಗಿಲು ತೆರೆದಳು. ಆತ ಬದುಕಿದ.

ಮೂರನೇ ದಿನ ನಿಮ್ಮ ನೋಟಿಸು ಬಂತು. ಪರವಾನಗಿ ಇಲ್ಲದ ಕಾರಣ ‘ಯು ಕುಡ್ ನಾಟ್ ಓಪನ್ ದ ಲಿಫ್ಟ್’ ಎಂದು ಬರೆದಿದ್ದೀರಿ. ನೀವೇ ಅಂಕ ಕಡಿದ ವ್ಯಾಕರಣದ ಪ್ರಕಾರ ಇದರ ಅರ್ಥ, ನಿನ್ನಿಂದ ಲಿಫ್ಟು ತೆರೆಯಲು ಆಗಲಿಲ್ಲ ಎಂದು. ಹಾಗಾದರೆ ಆ ಗಂಡಹೆಂಡತಿ ಇನ್ನೂ ಒಳಗೇ ಇದ್ದಾರೆಯೇ? ‘ತೆರೆಯಬಾರದಿತ್ತು’ ಎನ್ನಲು ಇಂಗ್ಲಿಷಿನಲ್ಲಿ ಬೇರೆ ಮಾತಿದೆ. ನನ್ನ ಏಳನೇ ತರಗತಿಯವರು ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ನಿಮ್ಮ ಅಂಕ ಕಡಿಯುವವರು ಯಾರು?

ತಂಗಿ ಈಗ ಪಾಠಕ್ಕೆ ಬರುವುದಿಲ್ಲ. ನೋಟಿಸು ಮಡಚಿಡುತ್ತ ಒಂದೇ ಮಾತು ಕೇಳಿದಳು: “ನಾಳೆ ಇನ್ಯಾರಾದ್ರೂ ಒಳಗಿಂದ ಕೂಗಿದ್ರೆ ನಾನೇನು ಮಾಡ್ಲಿ ಅಕ್ಕಾ?”

ನೋಟಿಸನ್ನು ಹಿಂತೆಗೆದುಕೊಳ್ಳಿ. ಅವಳನ್ನು ಯಂತ್ರದ ಕೋಣೆಯಲ್ಲಿ, ಅವಳು ಕೆಲಸ ಮಾಡುವ ಭಾಷೆಯಲ್ಲಿ ಪರೀಕ್ಷಿಸಿ. ಅವಳ ಪ್ರಶ್ನೆಗೆ ಲಿಖಿತ ಉತ್ತರ ಕೊಡಿ. ಉತ್ತರದಲ್ಲಿ ವ್ಯಾಕರಣ ತಪ್ಪಿದ್ದರೂ ಚಿಂತೆಯಿಲ್ಲ, ನಿಮ್ಮ ಸಹಿ ಇದ್ದರೆ ಸಾಕು.

ಇಂತಿ,
ತಂಗಿ ಬೇಡವೆಂದರೂ ಕೇಳದೆ ಬರೆದ ಅಕ್ಕ