ನೀರು ಬಂದಿಲ್ಲವೆನ್ನುವುದು ಸುದ್ದಿಯೇ?

ಪ್ರಸಾರ ಪರವಾನಗಿಯ ಉಸ್ತುವಾರಿ ಹೊತ್ತ ಮಾನ್ಯರೇ,

ಕಾಲುವೆಯಲ್ಲಿ ನೀರಿಲ್ಲ ಎಂಬ ಮಾತು ನಮ್ಮ ಸಮುದಾಯ ಬಾನುಲಿಯಲ್ಲಿ ಕೇಳಿಬಂದ ಅಪರಾಧಕ್ಕೆ ನೋಟಿಸು ಕಳಿಸಿದ್ದೀರಿ. ಪರವಾನಗಿ ಏಕೆ ರದ್ದು ಮಾಡಬಾರದೆಂದು ಗುರುವಾರದೊಳಗೆ ಉತ್ತರಿಸಬೇಕಂತೆ. ಕಾಲುವೆ ಖಾಲಿಯಿದ್ದುದಕ್ಕೆ ಯಾರಿಗಾದರೂ ನೋಟಿಸು ಹೋಗಿದೆಯೇ? ಸುಮ್ಮನೆ ಕೇಳಿದೆ.

ನಡೆದದ್ದಿಷ್ಟು. ಬೆಳಗಿನ ಕಾರ್ಯಕ್ರಮ ನಡೆಸುವ ಶಾಹೀಸ್ತಾ, ನೀರಾವರಿ ಕಚೇರಿ ಬರೆದುಕೊಟ್ಟಂತೆ, ವಳಕಮದಿನ್ನಿಯ ಉಪಕಾಲುವೆಗೆ ಆರು ಗಂಟೆಗೇ ನೀರು ಬಿಡಲಾಗಿದೆ ಎಂದು ಓದಿದಳು. ಕೂಡಲೇ ಆ ಊರಿನ ಯಮನಮ್ಮನ ಫೋನು, ನೇರ ಪ್ರಸಾರದಲ್ಲೇ.

“ಎಲ್ಲಿ ಬಿಟ್ಟಾರವ್ವ ನೀರು? ಕಾಲುವ್ಯಾಗ ಆಡು ಮೇಯಾಕತ್ತಾವ!”

“ಕಚೇರಿಯವ್ರು ಬರದು ಕೊಟ್ಟಾರ್ರೀ ಯಮನಮ್ಮಕ್ಕ.”

“ಹಂಗಾರ ಆ ಚೀಟಿನ ಭತ್ತದ ಸಸಿಗೆ ಹಾಯಿಸ್ಲೇನು?”

ಶಾಹೀಸ್ತಾ ನಕ್ಕುಬಿಟ್ಟಳು. ನೋಟಿಸು ಬಂದ ದಿನ ನಗು ನಿಂತಿತು. ತಪ್ಪೇನೆಂದು ಅವಳು ಫೋನು ಮಾಡಿ ವಿಚಾರಿಸಿದಾಗ ತಾವು ಕೊಟ್ಟ ವ್ಯಾಖ್ಯಾನ ಕಾನೂನು ಕಾಲೇಜುಗಳಲ್ಲಿ ಪಾಠವಾಗಬೇಕು: “ನೋಡಮ್ಮ, ನೀರು ಬರುತ್ತೆ ಅಂದ್ರೆ ಮಾಹಿತಿ. ಬಂದಿಲ್ಲ ಅಂದ್ರೆ ಸುದ್ದಿ. ಸುದ್ದಿ ಹೇಳೋಕೆ ನಿಮಗೆ ಅನುಮತಿ ಇಲ್ಲ.”

ನಿಮ್ಮೊಬ್ಬರದೇ ದೋಷವೆನ್ನಲಾರೆ, ಇದು ವಂಶಪಾರಂಪರ್ಯ. 1885ರ ತಂತಿ ಕಾಯ್ದೆಯನ್ನು ಹಿಡಿದುಕೊಂಡೇ ಸರ್ಕಾರ ಆಕಾಶವನ್ನು ಆಳಿತು. ನಮ್ಮಜ್ಜ ಅಂಬಪ್ಪ ರೇಡಿಯೊ ಕೇಳುವ ಲೈಸೆನ್ಸಿಗಾಗಿ ವರ್ಷಕ್ಕೊಮ್ಮೆ ಲಿಂಗಸುಗೂರಿನ ಅಂಚೆ ಕಚೇರಿಗೆ ಹೋಗಿಬರುತ್ತಿದ್ದ. ತುರ್ತುಪರಿಸ್ಥಿತಿಯ ದಿನಗಳಲ್ಲಿ ವಾರ್ತೆ ಮುಗಿದೊಡನೆ, “ರೇಡಿಯೊದಾಗಿನ ದೇಶ ಭಾಳ ಚಲೋ ಐತಿ, ಅಲ್ಲಿಗೆ ಬಸ್ಸು ಎಷ್ಟಕ್ಕೈತಿ ಕೇಳ್ರಿ” ಎನ್ನುತ್ತಿದ್ದನಂತೆ. ಆಗ ಕೇಳಲು ಲೈಸೆನ್ಸು, ಈಗ ಹೇಳಲು. ಪ್ರಗತಿಯೇ ಸರಿ! ರೇಡಿಯೊ ತರಂಗಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿತು. ಸ್ವತ್ತು ನಮ್ಮದಾಯಿತು, ಸುತ್ತಲಿನ ಬೇಲಿ ನಿಮ್ಮಲ್ಲೇ ಉಳಿಯಿತು.

ಈಗ ಶಾಹೀಸ್ತಾ ಮೈಕಿನ ಮುಂದೆ ಕೂತು ಹಾಡಷ್ಟೇ ಹಾಕುತ್ತಾಳೆ. ಬಾನುಲಿಯಲ್ಲಿ ಬಾನು ಉಳಿದಿದೆ, ಉಲಿ ಅಡಗಿದೆ. ಯಮನಮ್ಮ ಮತ್ತು ಅವಳ ಓಣಿಯವರು ನೀರಿನ ಸುಳಿವು ಹುಡುಕಿಕೊಂಡು ದಿನಾ ಮುಂಜಾನೆ ಟ್ರ್ಯಾಕ್ಟರ್ ಹತ್ತಿ ಕಾಲುವೆಯುದ್ದಕ್ಕೂ ಜವಳಗೇರಾದ ತನಕ ಹೋಗಿ ಬರಿಗೈಲಿ ಮರಳುತ್ತಾರೆ. ಸಸಿಮಡಿಯ ತುದಿ ಹಳದಿಯಾಗಿದೆ. ಕೆಲಸ ಹೋದೀತೆಂದು ಶಾಹೀಸ್ತಾ ಕ್ಷಮಾಪಣೆಯ ಕರಡು ಬರೆದು, ಅವಳ ನಿತ್ಯದ ಕೇಳುಗನಾದ ನನಗೆ ತಿದ್ದಲು ಕೊಟ್ಟಿದ್ದಾಳೆ. ಮೂರು ದಿನವಾಯಿತು, ಯಾವ ತಪ್ಪಿಗೆ ಕ್ಷಮೆ ಎಂಬ ಜಾಗ ಖಾಲಿಯೇ ಇದೆ. ಏನು ತುಂಬಲಿ, ಹೇಳಿ?

ನಿಮ್ಮ ನಿಯಮವನ್ನೇ ಓದಿದೆ. ಸ್ಥಳೀಯ ಆಡಳಿತ ಒದಗಿಸಿದ ನೀರು ಪೂರೈಕೆಯ ಪ್ರಕಟಣೆ ಸುದ್ದಿಯಲ್ಲವಂತೆ. ಒಳ್ಳೆಯದು. ನೋಟಿಸು ಹಿಂದಕ್ಕೆ ಪಡೆಯಿರಿ; ಆಗದಿದ್ದರೆ ಗುರುವಾರದೊಳಗೆ, “ವಳಕಮದಿನ್ನಿಗೆ ನೀರು ಬಂದಿಲ್ಲ” ಎಂಬ ಒಂದೇ ಸಾಲನ್ನು ಆಡಳಿತದಿಂದ ಬರೆಸಿ, ಸಹಿ ಮೊಹರು ಹಾಕಿಸಿ ಕಳಿಸಿ. ಅದು ಮಾಹಿತಿಯಾಗುತ್ತದೆ. ಶಾಹೀಸ್ತಾ ಒಂದಕ್ಷರ ಬಿಡದೆ ಓದುತ್ತಾಳೆ.

ಇಂತಿ,
ಇಷ್ಟು ದಿನ ರೇಡಿಯೊ ಕೇಳಿ, ಈಗ ನಿಮ್ಮನ್ನು ಕೇಳಬೇಕಾಗಿ ಬಂದ
ಶಿವಪ್ರಸಾದ, ಸಿಂಧನೂರು